ಆರೋಗ್ಯವಂತ ಇಲಿಗೆ ಬರಿಸಿದ ಲಕ್ವ

ಸಂಶೋಧನಾ ವಿದ್ಯಾರ್ಥಿಯೊಬ್ಬರ ಪತ್ರ: “ಲಕ್ವದ ಪ್ರಯೋಗಕ್ಕೆ ಬಿ.ಪಿ., ಸಕ್ಕರೆ ಕಾಯಿಲೆಯ ಇಲಿಗಳೂ ಬೇಕೆಂದು ಪದೇ ಪದೇ ಬರೆಯುತ್ತೀರಿ. ಹಾಗೆ ಮಾಡಿದರೆ ಫಲಿತಾಂಶ ಚೆದುರುತ್ತದೆ, ಸಾವು ಹೆಚ್ಚುತ್ತದೆ, ಪ್ರಾಣಿಗಳೂ ಹೆಚ್ಚು ಬೇಕಾಗುತ್ತವೆ. ಆರೋಗ್ಯವಂತ ಇಲಿ ಸಾಲದೆ?”

ಸಂಪಾದಕರ ಉತ್ತರ: ಪ್ರಾಣಿಗಳ ಬಗ್ಗೆ ನಿಮಗಿರುವ ಕಾಳಜಿ ಮೆಚ್ಚುವಂಥದ್ದು. ಔಷಧವೊಂದು ಮೆದುಳಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ನೋಡಲು ಎಳೆಯ, ಆರೋಗ್ಯವಂತ ಇಲಿ ಸಾಕು. ಅಲ್ಲಿಂದ ನೇರ ರೋಗಿಯ ಹಾಸಿಗೆಗೆ ಹಾರುವುದಕ್ಕೆ ಮಾತ್ರ ನನ್ನ ವಿರೋಧ.

ಲಕ್ವಕ್ಕೆಂದು ತಯಾರಾದ ಎನ್‌ಎಕ್ಸ್‌ವೈ-059 ಎಂಬ ಔಷಧ ಇಲಿಗಳಲ್ಲಿ ಭರವಸೆ ಹುಟ್ಟಿಸಿತ್ತು. 2007ರಲ್ಲಿ ಪ್ರಕಟವಾದ ಸೇಂಟ್-2 ಪರೀಕ್ಷೆಯಲ್ಲಿ, ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ, ಅದು ಸೋತಿತು. ಹಳೆಯ ಪ್ರಾಣಿ ಪ್ರಯೋಗಗಳನ್ನು ಆಮೇಲೆ ಒಟ್ಟುಗೂಡಿಸಿ ನೋಡಿದಾಗ, ಬಿ.ಪಿ. ಇದ್ದ ಪ್ರಾಣಿಗಳಲ್ಲಿ ಔಷಧದ ಫಲ ಕಡಿಮೆಯೇ ಇತ್ತು. ಕೆಲವು ಇಲಿಗಳನ್ನು ಉಳಿಸಲು ಹೋಗಿ ಸಾವಿರಾರು ಮನುಷ್ಯರನ್ನು ಪ್ರಯೋಗಕ್ಕೆ ಒಡ್ಡುವುದು ಯಾವ ಉಳಿತಾಯ?

ಫಲಿತಾಂಶ ಚೆದುರುತ್ತದೆ ಎಂಬುದನ್ನೂ ಪರೀಕ್ಷಿಸದೆ ಒಪ್ಪಿಕೊಂಡಿದ್ದೀರಿ. ಒಕಾಮೊಟೊ ಮತ್ತು ಅಯೋಕಿ 1963ರಲ್ಲಿ ವರದಿ ಮಾಡಿದ, ತಾನಾಗಿಯೇ ಬಿ.ಪಿ. ಏರುವ ಇಲಿ ತಳಿಯಲ್ಲಿ ಬದಲಿ ರಕ್ತನಾಳಗಳ ನೆರವು ಕಡಿಮೆ. ಹಾಗಾಗಿ ಮೆದುಳಿನ ಗಾಯ ದೊಡ್ಡದು, ಆದರೆ ಒಂದು ಇಲಿಯಿಂದ ಇನ್ನೊಂದಕ್ಕೆ ಹೆಚ್ಚು ಏರುಪೇರಿಲ್ಲ. ಔಷಧ ಉಳಿಸಬಹುದಾದ ಭಾಗವೇ ಅಲ್ಲಿ ಚಿಕ್ಕದು, ಅದೇ ನಾವು ಎದುರಿಸಬೇಕಾದ ಸತ್ಯ. ಈ ಇಲಿಗಳು ಅದೇ ವಯಸ್ಸಿನ, ಪ್ರಯೋಗಾಲಯದ ಸಾಮಾನ್ಯ ವಿಸ್ಟಾರ್ ತಳಿಯ ಇಲಿಗಳಿಗಿಂತ ಹಗುರ. ಮೆದುಳಿನ ನಾಳ ಮುಚ್ಚಿ ಲಕ್ವ ಬರಿಸಲು ತೂರಿಸುವ ನೈಲಾನ್ ಎಳೆಯನ್ನು ವಯಸ್ಸು ನೋಡಿ ಆರಿಸಬೇಡಿ, ತೂಕ ನೋಡಿ ಆರಿಸಿ. ತೆಳುವಾದರೆ ರಕ್ತ ಪಕ್ಕದಿಂದ ಜಾರುತ್ತದೆ, ದಪ್ಪವಾದರೆ ನಾಳ ತೂತಾಗಿ ಮೆದುಳಿನ ಸುತ್ತ ರಕ್ತ ಸೋರುತ್ತದೆ. ಅರಿವಳಿಕೆಗೆ ಕೊಡುವ ಐಸೋಫ್ಲೂರೇನ್ ಹೆಚ್ಚಾದರೆ ಬಿ.ಪಿ. ಇಳಿದು, ನೀವು ಅಧ್ಯಯನ ಮಾಡಬೇಕೆಂದಿದ್ದ ಕಾಯಿಲೆಯೇ ಮೇಜಿನ ಮೇಲೆ ಮಾಯವಾಗುತ್ತದೆ.

ಸಕ್ಕರೆ ಕಾಯಿಲೆಯ ಕೆಲಸದಲ್ಲಿ ಇನ್ನೂ ಎಚ್ಚರ ಬೇಕು. ಇಲಿಗೆ ಸಕ್ಕರೆ ಕಾಯಿಲೆ ಬರಿಸುವ ಸ್ಟ್ರೆಪ್ಟೋಜೋಟೋಸಿನ್ ಅನ್ನು ಪಿಎಚ್ 4.5ರ ತಣ್ಣನೆಯ ಸಿಟ್ರೇಟ್ ದ್ರಾವಣದಲ್ಲಿ ಆಗಷ್ಟೇ ಕರಗಿಸಿ ಕೂಡಲೇ ಚುಚ್ಚಬೇಕು, ಇಟ್ಟರೆ ಕೆಡುತ್ತದೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಒಡೆದು ಇನ್ಸುಲಿನ್ ಒಮ್ಮೆಲೇ ಸುರಿದು ಮೊದಲ ದಿನ ಸಕ್ಕರೆ ಕುಸಿಯುತ್ತದೆ, ಆದ್ದರಿಂದ ಆ ರಾತ್ರಿ ಕುಡಿಯುವ ನೀರಿಗೆ ಸಕ್ಕರೆ ಬೆರೆಸಿಡಿ. ಮೂರು ದಿನಕ್ಕೆ ರಕ್ತದ ಸಕ್ಕರೆ 250 ಮಿ.ಗ್ರಾಂ. ದಾಟಿತೆಂದು ಅಂದೇ ನಾಳ ಕಟ್ಟಬೇಡಿ. ಆಗ ನಿಮ್ಮ ಕೈಯಲ್ಲಿರುವುದು ಏರಿದ ಸಕ್ಕರೆ ಮಾತ್ರ. ನಾಳಗಳು ಹಾಳಾಗಲು ವಾರಗಳು ಬೇಕು. ರಕ್ತಸಂಚಾರ ಮರಳಿದಾಗ ಈ ಇಲಿಗಳಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು, ಹಾಗಾಗಿ 90 ನಿಮಿಷದ ತಡೆ ಬೇಡ. ಕಡಿಮೆ ಅವಧಿಯನ್ನು ಚಿಕ್ಕ ಗುಂಪಿನಲ್ಲಿ ಮೊದಲು ನೋಡಿಕೊಳ್ಳಿ. ಸಾವು ಕಡಿಮೆಯಾಗುವುದು ಹೀಗೆ, ಕಾಯಿಲೆಯನ್ನೇ ಕೈಬಿಡುವುದರಿಂದಲ್ಲ.

ನಿಮ್ಮ ಮೇಲಲ್ಲ, ನನ್ನ ಅಸಮಾಧಾನ ವ್ಯವಸ್ಥೆಯ ಮೇಲೆ. ಮುದಿ ಪ್ರಾಣಿ, ಬಿ.ಪಿ., ಸಕ್ಕರೆ ಕಾಯಿಲೆ, ಹೆಣ್ಣು ಇಲಿ ಇವೆಲ್ಲ ಬೇಕೆಂದು ಲಕ್ವದ ಔಷಧಗಳನ್ನು ಪ್ರಾಣಿಗಳಲ್ಲಿ ಪರೀಕ್ಷಿಸುವ ಬಗೆ ಹೇಳುವ ಸ್ಟೇರ್ ಮಾರ್ಗಸೂಚಿ 2009ರಲ್ಲೇ ಹೇಳಿತು. ಆದರೂ ಎಳೆಯ ಗಂಡು ಇಲಿಯ ಅಂದವಾದ ನಕ್ಷೆಗೇ ಪತ್ರಿಕೆಗಳು ಮಣೆ ಹಾಕುತ್ತವೆ, ಫಲ ಕಾಣದ ಪ್ರಯೋಗಗಳು ಕಪಾಟಿನಲ್ಲೇ ಉಳಿಯುತ್ತವೆ. ಎರಡು ಮೂರು ವರ್ಷದ ಅನುದಾನದಲ್ಲಿ ಇಲಿಯನ್ನು 18 ತಿಂಗಳು ಸಾಕಿ ಮುದಿಯಾಗಿಸುವುದು ಯಾರಿಗೆ ಸಾಧ್ಯ? ಸತ್ತ ಪ್ರಾಣಿಗಳನ್ನು ಯಾವ ಗುಂಪಿನವು ಎಂದೂ ಹೇಳದೆ ಲೆಕ್ಕದಿಂದ ಬಿಟ್ಟ ಲೇಖನಗಳೂ ಅಚ್ಚಾಗುತ್ತವೆ. ದೊಡ್ಡ ಗಾಯದವು ಸತ್ತು ಹೋದರೆ ಬದುಕಿದವುಗಳ ಸರಾಸರಿ ತಾನಾಗಿಯೇ ಚೆನ್ನಾಗಿ ಕಾಣುತ್ತದೆ. ನಿಮ್ಮ ಪ್ರಬಂಧದಲ್ಲಿ ಪ್ರತಿ ಗುಂಪಿನ ಸಾವು, ಕಾರಣ, ದಿನ ಮೂರನ್ನೂ ಕೋಷ್ಟಕ ಮಾಡಿ ಹಾಕಿ. ಯಾವ ಇಲಿಯನ್ನು ಏಕೆ ಕೈಬಿಡುತ್ತೀರಿ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಬರೆದಿಡಿ.