ಸಂಧಿವಾತ ಇರುವವರ ಕಣ್ಣು ಕೆಂಪಾದರೆ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಅಮ್ಮನಿಗೆ 56 ವರ್ಷ. ಹತ್ತು ವರ್ಷದಿಂದ ರುಮಟಾಯ್ಡ್ ಸಂಧಿವಾತ ಇದೆ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುತ್ತಾರೆ. ಒಂದು ವಾರದಿಂದ ಎಡಗಣ್ಣು ಕೆಂಪಾಗಿದೆ, ರಾತ್ರಿ ನೋವಿಗೆ ಎಚ್ಚರವಾಗುತ್ತದೆ. ಕಾಫಿ ಕಣದ ಧೂಳು ಬಿದ್ದಿರಬೇಕು ಅಂದುಕೊಂಡೆವು. ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿದರೂ ಕಡಿಮೆಯಾಗಿಲ್ಲ. ಪಕ್ಕದ ಮನೆಯವರು ನಂದಿಬಟ್ಟಲು ಹೂವಿನ ರಸ ಬಿಡಿ ಅಂತಾರೆ. ಇದಕ್ಕೂ ಸಂಧಿವಾತಕ್ಕೂ ಸಂಬಂಧ ಇದೆಯಾ? ಮಾತ್ರೆಯಿಂದ ಹೀಗಾಯಿತಾ?

ಉತ್ತರ: ನೋವಿಗೆ ರಾತ್ರಿ ಎಚ್ಚರವಾಗುತ್ತದೆ ಎಂದಿರಲ್ಲ, ನನಗೆ ಚಿಂತೆ ಹಚ್ಚಿದ್ದು ಅದೇ ಮಾತು. ನಾಳೆಯೇ ಅಮ್ಮನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ.

ಸಂಬಂಧ ಖಂಡಿತ ಇರಬಹುದು. ಈ ಸಂಧಿವಾತ ಬರೀ ಕೀಲಿನ ಕಾಯಿಲೆಯಲ್ಲ. ರೋಗದ ವಿರುದ್ಧ ಹೋರಾಡಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವುದರಿಂದ ಬರುವಂಥದ್ದು. ಕೀಲು ಊದುವ ಹಾಗೆಯೇ ಕಣ್ಣಿನ ಬಿಳಿ ಭಾಗಕ್ಕೂ ಉರಿಯೂತ ಬರುತ್ತದೆ. ಅದಕ್ಕೆ ಸ್ಕ್ಲೆರೈಟಿಸ್ ಎನ್ನುತ್ತಾರೆ. ಒಳಗಿನಿಂದ ಕೊರೆಯುವ ನೋವು, ಹಣೆ ದವಡೆಗೂ ಹರಡುತ್ತದೆ, ರಾತ್ರಿ ಜಾಸ್ತಿ. ಕೆಂಪಿನಲ್ಲಿ ಸ್ವಲ್ಪ ನೀಲಿ ಬೆರೆತಂತೆ ಕಾಣುತ್ತದೆ. ಮದ್ರಾಸ್ ಐ ಆದರೆ ಪಿಸುರು ಬರುತ್ತದೆ, ರೆಪ್ಪೆ ಅಂಟಿಕೊಳ್ಳುತ್ತದೆ, ಸಾಮಾನ್ಯವಾಗಿ ಇನ್ನೊಂದು ಕಣ್ಣಿಗೂ ಹಬ್ಬುತ್ತದೆ. ನಿದ್ದೆ ಕೆಡಿಸುವಷ್ಟು ನೋವು ಇರುವುದು ಅಪರೂಪ.

ಸಂಧಿವಾತದವರಲ್ಲಿ ತುಂಬಾ ಮಂದಿಗೆ ಕಾಡುವುದು ಕಣ್ಣು ಒಣಗುವ ತೊಂದರೆ. ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಉರಿಯುತ್ತದೆ. ಕೃತಕ ಕಣ್ಣೀರಿನ ಡ್ರಾಪ್ಸಿನಿಂದ ಆರಾಮ ಸಿಗುತ್ತದೆ. ಅಮ್ಮನದು ಅದೊಂದೇ ಅಂತ ನನಗೆ ಅನ್ನಿಸುವುದಿಲ್ಲ.

ಆದರೆ ಪತ್ರ ಓದಿ ಇಂಥದ್ದೇ ಎಂದು ಹೇಳಲಾಗುವುದಿಲ್ಲ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ಡಾಕ್ಟರು ನೋಡಬೇಕು. ಕಪ್ಪುಗುಡ್ಡೆಯ ಅಂಚಿನಲ್ಲಿ ಹುಣ್ಣಾಗಿದ್ದರೆ ಅದು ತೆಳುವಾಗಿ ತೂತೇ ಬೀಳಬಹುದು. ಹಾಗಾಗಿಯೇ ಈ ಅವಸರ. ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೋ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ಗೋ, ಯಾವುದು ಅನುಕೂಲವೋ ಅಲ್ಲಿಗೆ ಹೋಗಿ. ಸಂಧಿವಾತದ ಫೈಲು ಕೈಯಲ್ಲಿರಲಿ. ಸ್ಕ್ಲೆರೈಟಿಸ್ ಬರೀ ಡ್ರಾಪ್ಸಿಗೆ ಬಗ್ಗುವುದು ಕಡಿಮೆ. ನುಂಗುವ ಮಾತ್ರೆ ಬೇಕಾಗುತ್ತದೆ, ಸಂಧಿವಾತದ ಔಷಧಿಯನ್ನೂ ಬದಲಿಸಬೇಕಾಗಬಹುದು. ಇಬ್ಬರೂ ಡಾಕ್ಟರು ಪರಸ್ಪರ ಮಾತಾಡಿಕೊಂಡರೆ ಒಳ್ಳೆಯದು.

ಈಗ ಹಾಕುತ್ತಿರುವ ಡ್ರಾಪ್ಸ್ ನಿಲ್ಲಿಸಿ, ಬಾಟಲಿಯನ್ನು ತೆಗೆದುಕೊಂಡು ಹೋಗಿ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಒಳಗೆ ಸೋಂಕಿದ್ದರೆ ಕಣ್ಣಿಗೇ ಅಪಾಯ. ನಂದಿಬಟ್ಟಲು ಹೂವು ದೇವರಿಗಿರಲಿ, ಕಣ್ಣಿಗೆ ಬೇಡ.

ಹಾಗಂತ ನೋವಿಲ್ಲದಿದ್ದರೆ ಭಯವಿಲ್ಲ ಅಂತಲೂ ಅಲ್ಲ. ಬಹಳ ವರ್ಷದ ಸಂಧಿವಾತ ಇರುವ ಕೆಲವರಲ್ಲಿ ನೋವೇ ಇಲ್ಲದೆ ಬಿಳಿ ಭಾಗ ಸವೆದು, ಒಳಗಿನ ನೀಲಿ ಬಣ್ಣ ಕಾಣತೊಡಗುತ್ತದೆ. ಅದನ್ನೂ ತಡಮಾಡದೆ ತೋರಿಸಬೇಕು.

ಮಾತ್ರೆಯ ವಿಷಯ. ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಕಣ್ಣು ಹೀಗೆ ಕೆಂಪಾಗಿ ನೋಯುವುದಿಲ್ಲ. ಸುಮ್ನೆ ನೀವಾಗಿಯೇ ನಿಲ್ಲಿಸಬೇಡಿ. ಅದು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರಿಗೆ ಕಣ್ಣಿನ ಹಿಂಭಾಗದ ರೆಟಿನಾಗೆ ತೊಂದರೆ ಕೊಡುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಆಗಬೇಕು. ಅಮ್ಮನಿಗೆ ಆಗಿದೆಯಾ, ಅದನ್ನೂ ಕೇಳಿ. ಪಾಪೆ ಹಿಗ್ಗಿಸುವ ಔಷಧಿ ಹಾಕಿದರೆ ಕೆಲವು ಗಂಟೆ ಎಲ್ಲ ಮಬ್ಬಾಗಿ ಕಾಣುತ್ತದೆ, ವಾಪಸ್ ಬಸ್ಸಿಗೆ ಅವರೊಬ್ಬರನ್ನೇ ಹತ್ತಿಸಬೇಡಿ.