ಓದುಗರ ಪ್ರಶ್ನೆ: ಕುಂಚದ ಕಟೌಟ್

ಪ್ರಶ್ನೆ: ಬೆಂಗಳೂರಿನ ಕೆ.ಜಿ. ರಸ್ತೆಯ ಚಿತ್ರಮಂದಿರಗಳ ಮುಂದಿದ್ದ, ಕೈಯಲ್ಲೇ ಬರೆದ ದೊಡ್ಡ ಕಟೌಟ್‌ಗಳನ್ನು ಹೇಗೆ ಮಾಡುತ್ತಿದ್ದರು? ಅವು ಮಾಯವಾದದ್ದೇಕೆ?

ಉತ್ತರ: ಮೊದಲು ಸ್ಟಿಲ್ ಫೋಟೊ ಮೇಲೆ ಪೆನ್ಸಿಲ್‌ನಲ್ಲಿ ಚೌಕಗಳನ್ನು ಎಳೆಯಬೇಕು. ಫೋಟೊದ ಕಾಲು ಇಂಚಿನ ಚೌಕ ಹಲಗೆಯ ಮೇಲೆ ಒಂದಡಿ ಆದರೆ ಚಿತ್ರ 48 ಪಟ್ಟು ಹಿಗ್ಗುತ್ತದೆ. 40 ಅಡಿಯ ನಾಯಕ ಒಂದೇ ಹಲಗೆಯಲ್ಲಿ ಹಿಡಿಸುವುದಿಲ್ಲವಲ್ಲ! 8 ಅಡಿಗೆ 4 ಅಡಿಯ ಪ್ಲೈವುಡ್‌ಗಳಲ್ಲಿ ತುಂಡುತುಂಡಾಗಿ ಬರೆದು, ಮರದ ಚೌಕಟ್ಟಿಗೆ ಹೊಡೆಯಬೇಕು. ಕೂಡುಗೆರೆ ಕಣ್ಣಿನ ಮೇಲೆ ಬಂದು ಅರ್ಧ ಇಂಚು ಸರಿದರೂ ಮುಖವೇ ಸೊಟ್ಟ. ಬಣ್ಣದಲ್ಲಿ ಅಗಸೆ ಎಣ್ಣೆ ಹೆಚ್ಚಾದರೆ ಒಣಗದೆ ಧೂಳು ಮೆತ್ತಿಕೊಳ್ಳುತ್ತದೆ. ಟರ್ಪೆಂಟೈನ್ ಹೆಚ್ಚಾದರೆ ಹಿಡಿತ ತಪ್ಪಿ ಪುಡಿ ಉದುರುತ್ತದೆ. ಕೆನ್ನೆಯ ನೆರಳಿಗೆ ಕಪ್ಪಲ್ಲ, ನೀಲಿ, ಹಸಿರು. ಹತ್ತಿರದಿಂದ ವಿಕಾರ, ರಸ್ತೆಯಾಚೆಯಿಂದ ಜೀವಂತ.

ಹೊಡೆತ ಕೊಟ್ಟದ್ದು ಫ್ಲೆಕ್ಸ್. ದಿನಗಟ್ಟಲೆಯ ಕೆಲಸ ಗಂಟೆಗಳಲ್ಲಿ ಮುಗಿಯತೊಡಗಿತು. ಆದರೆ ತಪ್ಪೆಲ್ಲ ಅದರದ್ದೇ ಅಲ್ಲ: ನೂರು ದಿನ ಓಡುತ್ತಿದ್ದ ಚಿತ್ರ ಎರಡು ವಾರಕ್ಕೆ ಇಳಿದಾಗ ಇಷ್ಟು ಖರ್ಚು ಯಾರಿಗೂ ಗಿಟ್ಟಲಿಲ್ಲ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ನಗರದ ಫ್ಲೆಕ್ಸ್‌ಗಳು ಇಳಿದವು, ಕುಂಚ ಮಾತ್ರ ಮರಳಲಿಲ್ಲ. ಅಷ್ಟರಲ್ಲಿ ಪ್ರಚಾರ ಮೊಬೈಲ್ ಸೇರಿತ್ತು.