ಆಪ್ತ ಸಲಹೆ: ನಾಯಿಯ ಬಾಯಲ್ಲಿ ರಕ್ತ ಕಂಡೆ, ಯಾರಿಗೂ ಹೇಳಲಿಲ್ಲ

ಪ್ರಶ್ನೆ: ನಮ್ಮ ನಾಯಿಗೆ ನಾಲ್ಕು ವರ್ಷ. ಮಗನ ಜೊತೆಗೇ ಬೆಳೆದದ್ದು. ಮನೆಗೆ ಬಂದವರ ಮೇಲೆ ಬೊಗಳುವುದೂ ಕಡಿಮೆ. ಹೋದ ವಾರ ರಾತ್ರಿ ಪಕ್ಕದ ಮನೆಯವರ ಕುರಿದೊಡ್ಡಿಗೆ ಯಾವುದೋ ಪ್ರಾಣಿ ನುಗ್ಗಿತು. ಮೂರು ಕುರಿ ಸತ್ತವು, ಐದಕ್ಕೆ ಗಾಯವಾಯಿತು. ಬೆಳಗಿನ ಜಾವ ಕಂದು ನಾಯಿಯೊಂದು ಓಡಿಹೋಯಿತು ಅಂತ ಅಣ್ಣ ಹೇಳುತ್ತಾರೆ. ಆ ಮನೆಯ ಯಜಮಾನರನ್ನು ನಾನು ಮೊದಲಿಂದಲೂ ಅಣ್ಣ ಅಂತಲೇ ಕರೆಯುವುದು. ನಮ್ಮದೂ ಕಂದು ನಾಯಿ, ಆದರೆ ಸುತ್ತಮುತ್ತ ಆ ಬಣ್ಣದವು ಇನ್ನೂ ಇವೆ. ‘ಯಾರು ಕಂಡಿದ್ದಾರೆ? ಸಾಬೀತು ಮಾಡಲಿ’ ಅಂತ ನಮ್ಮ ಮನೆಯವರು ಜಗಳಕ್ಕೇ ನಿಂತರು. ಕುರಿಗಳ ದುಡ್ಡು ಕೊಡಬೇಕು, ನಾಯಿಯನ್ನು ಸಾಯಿಸಬೇಕು ಅಂತ ಅಣ್ಣನ ಪಟ್ಟು. ಇಲ್ಲದಿದ್ದರೆ ದೂರು ಕೊಡುತ್ತಾರಂತೆ. ಆದರೆ ಅವತ್ತು ಬೆಳಿಗ್ಗೆ ನಾಯಿಯ ಬಾಯಿ, ಎದೆಯ ಮೇಲೆಲ್ಲಾ ರಕ್ತ ಇತ್ತು. ಹಲ್ಲಿನ ಸಂದಿಯಲ್ಲಿ ಉಣ್ಣೆ ಸಿಕ್ಕಿಕೊಂಡಿತ್ತು. ಯಾರೂ ಏಳುವ ಮೊದಲೇ ನಾನು ಅದನ್ನು ತೊಳೆದುಬಿಟ್ಟೆ. ಮನೆಯವರಿಗೂ ಹೇಳಿಲ್ಲ. ಈ ವರ್ಷ ರೇಬೀಸ್ ಲಸಿಕೆ ಹಾಕಿಸಿರಲೂ ಇಲ್ಲ. ಹೇಳಿದರೆ ನಾಯಿ ಹೋಗುತ್ತೆ, ಹೇಳದಿದ್ದರೆ ನನಗೆ ನಿದ್ದೆ ಇಲ್ಲ. ಏನು ಮಾಡಲಿ?
(ಹೆಸರು ಬೇಡ)

ಉತ್ತರ: ಹೇಳಿಬಿಡಿ. ಮೊದಲು ನಿಮ್ಮ ಮನೆಯವರಿಗೆ, ಆಮೇಲೆ ತಡಮಾಡದೆ ಆ ಅಣ್ಣನಿಗೆ. ನಿಮ್ಮ ಮನಸ್ಸು ಹಗುರವಾಗಲಿ ಅಂತ ಮಾತ್ರ ಇದನ್ನು ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ರಕ್ತದ ಸಂಗತಿ ಅಲ್ಲ. ಕೊನೆಗೆ ಹೇಳಿದಿರಲ್ಲ, ಆ ಲಸಿಕೆಯ ವಿಷಯ.

ಗಾಯವಾದ ಐದು ಕುರಿಗಳಿಗೆ ಅಣ್ಣನ ಮನೆಯಲ್ಲಿ ಯಾರೋ ದಿನಾ ಮದ್ದು ಹಚ್ಚುತ್ತಿರಬೇಕು. ಉಣ್ಣೆ ಸರಿಸಿ, ಗಾಯ ತೊಳೆದು, ಬಹುಶಃ ಬರಿಗೈಯಲ್ಲೇ. ರೇಬೀಸ್ ಜೊಲ್ಲಿನಿಂದ ಹರಡುವ ರೋಗ. ಕಚ್ಚಿದ ನಾಯಿಗೆ ಅದು ಇದ್ದರೆ ಕಚ್ಚಿಸಿಕೊಂಡ ಕುರಿಗೂ ಬರಬಹುದು. ವಾರಗಳು ಕಳೆದ ಮೇಲೆ ಬರಬಹುದು, ತಿಂಗಳುಗಳೇ ಕಳೆದ ಮೇಲೂ ಬರಬಹುದು. ನಿಮ್ಮ ನಾಯಿಗೆ ರೋಗ ಇದೆ ಅಂತ ಖಂಡಿತ ಹೇಳುತ್ತಿಲ್ಲ. ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಆದರೆ ಲಸಿಕೆ ತಪ್ಪಿದೆ ಅನ್ನುವುದು ಪಶುವೈದ್ಯರಿಗೆ ಗೊತ್ತಿರಬೇಕು. ಕುರಿಗಳಿಗೆ ಲಸಿಕೆ ಬೇಕೇ, ಎಷ್ಟು ದಿನ ಬೇರೆ ಕಟ್ಟಬೇಕು, ಮುಟ್ಟಿದವರು ಏನು ಮಾಡಬೇಕು ಅನ್ನುವುದೆಲ್ಲ ಅದರ ಮೇಲೆ ನಿಂತಿದೆ. ಈ ಒಂದು ಮಾತನ್ನು ಮುಚ್ಚಿಡುವ ಹಕ್ಕು ನಿಮಗಿಲ್ಲ. ಕಟುವಾಗಿ ಕೇಳಿಸಿದರೂ ಹೇಳಲೇಬೇಕು.

ನೀವೂ ಇವತ್ತೇ ವೈದ್ಯರ ಹತ್ತಿರ ಹೋಗಿ. ನಾಯಿಯ ಬಾಯಿ ತೊಳೆದದ್ದು ಬರಿಗೈಯಲ್ಲಿ ಅಲ್ವಾ? ಕೈಮೇಲೆ ಗೀರು, ಸೀಳಿದ ಉಗುರು, ಸಣ್ಣ ಗಾಯ ಏನಿದ್ದರೂ ಅವರಿಗೆ ತೋರಿಸಿ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯುವವರು ಇಲ್ಲವೆನ್ನುವಷ್ಟು ಅಪರೂಪ. ಅದಕ್ಕೂ ಮೊದಲು ಲಸಿಕೆ ತೆಗೆದುಕೊಂಡರೆ ಅದು ಕಾಪಾಡುತ್ತದೆ. ಜೊಲ್ಲು ತಾಗಿದ ಗಾಯವನ್ನು ಆ ಕ್ಷಣವೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಕುರಿಗಳನ್ನು ನೋಡಿಕೊಳ್ಳುವವರಿಗೂ ಇದನ್ನು ಹೇಳಿ, ಕೈಗವಸು ಹಾಕಿಕೊಳ್ಳಲು ಹೇಳಿ.

ನಾಯಿಯನ್ನು ಕೂಡಲೇ ಸಾಯಿಸಿ ಅನ್ನುವವರಿಗೆ ಕೊಡಬೇಕಾದ ಉತ್ತರವೂ ಇಲ್ಲೇ ಇದೆ. ಕಚ್ಚುವ ಹೊತ್ತಿಗೆ ನಾಯಿಯ ಜೊಲ್ಲಿನಲ್ಲಿ ರೋಗಾಣು ಇದ್ದಿದ್ದರೆ, ಅದು ಸಾಮಾನ್ಯವಾಗಿ 10 ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. 10 ದಿನ ಕಳೆದರೂ ಚೆನ್ನಾಗಿ ತಿಂದುಕೊಂಡು ಓಡಾಡಿಕೊಂಡಿದ್ದರೆ ಆ ಕಡಿತದಿಂದ ರೇಬೀಸ್ ಭಯವಿಲ್ಲ. ಈಗಲೇ ಕೊಂದುಬಿಟ್ಟರೆ ಇದನ್ನು ತಿಳಿಯುವ ಸುಲಭದ ದಾರಿಯೇ ಮುಚ್ಚಿಹೋಗುತ್ತದೆ. ಹಾಗಾಗಿ ಅಣ್ಣನ ಒಳ್ಳೆಯದಕ್ಕಾಗಿಯೇ ನಾಯಿ ಈಗ ಬದುಕಿರಬೇಕು. ಕಟ್ಟಿಹಾಕಿ, ಬೇರೆ ಪ್ರಾಣಿಗಳಿಂದ ದೂರ ಇಡಿ. ಪಶುವೈದ್ಯರು ಬಂದು ನೋಡಲಿ. ಆದರೆ ನೀವು ವೈದ್ಯರಲ್ಲಿಗೆ ಹೋಗುವುದನ್ನು ಈ 10 ದಿನದ ನೆಪದಲ್ಲಿ ಮುಂದೂಡಬೇಡಿ.

ಇನ್ನು ರಕ್ತದ ವಿಷಯ. ಅದನ್ನು ಕಂಡ ಕೂಡಲೇ ನೀವು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಅದಕ್ಕೇ ತೊಳೆದಿರಿ, ಅದಕ್ಕೇ ಈಗ ಹೆದರುತ್ತಿದ್ದೀರಿ. ಬಾಯಲ್ಲಿ ರಕ್ತ, ಹಲ್ಲಲ್ಲಿ ಉಣ್ಣೆ ಇತ್ತು ಅಂದರೆ ನಿಮ್ಮ ನಾಯಿ ಅಲ್ಲಿಗೆ ಹೋಗಿತ್ತು, ಕುರಿಗೆ ಬಾಯಿ ಹಾಕಿತ್ತು. ಅಷ್ಟು ನಿಜ. ಕೊಂದದ್ದು ಅದೇನಾ ಅನ್ನುವುದು ಬೇರೆ ಪ್ರಶ್ನೆ. ಬೇರೆ ಪ್ರಾಣಿ ಕೊಂದು ಬಿಟ್ಟುಹೋದ ಕುರಿಯ ವಾಸನೆ ಹಿಡಿದು ನಾಯಿ ಹೋಗುವುದು, ಎಳೆದಾಡುವುದು ಮಾಮೂಲು. ಎರಡು ಮೂರು ನಾಯಿ ಸೇರಿ ಮಾಡಿದ ಕೆಲಸವೂ ಇರಬಹುದು. ಒಂಟಿಯಾಗಿ ಸುಮ್ನೆ ಇರುವ ನಾಯಿ ಇನ್ನೊಂದು ಜೊತೆಯಾದರೆ ಓಡಿಸಿಕೊಂಡು ಹೋಗುವ ಹುಮ್ಮಸ್ಸಿಗೆ ಬೀಳುತ್ತದೆ.

ಇದನ್ನು ಬಿಡಿಸಿ ಹೇಳಬಲ್ಲವರು ಪಶುವೈದ್ಯರು. ಸತ್ತ ಕುರಿಯ ಚರ್ಮ ಸುಲಿದು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಜೀವ ಇರುವಾಗ ಕಚ್ಚಿದ್ದರೆ ಹಲ್ಲು ನಾಟಿದ ಕಡೆ ಚರ್ಮದ ಕೆಳಗೆ ರಕ್ತ ಹರಡಿ ಕಪ್ಪಾಗಿ ಹೆಪ್ಪುಗಟ್ಟಿರುತ್ತದೆ. ಸತ್ತ ಮೇಲೆ ಕಚ್ಚಿದ್ದರೆ ಹಾಗಿರುವುದಿಲ್ಲ, ಮಾಂಸ ಹರಿದಿದ್ದರೂ ಸುತ್ತ ರಕ್ತ ಇಳಿದಿರುವುದಿಲ್ಲ. ಚಿರತೆಯಂಥ ಪ್ರಾಣಿ ಸಾಮಾನ್ಯವಾಗಿ ಕುತ್ತಿಗೆಗೆ ಬಾಯಿ ಹಾಕುತ್ತದೆ. ಹಲ್ಲಿನ ಕೆಲವೇ ತೂತು ಇರುತ್ತವೆ, ಕೊಂದದ್ದನ್ನು ಎಳೆದೊಯ್ದು ತಿನ್ನುತ್ತದೆ. ಸಾಕುನಾಯಿಗಳ ಕಡಿತ ಹೆಚ್ಚಾಗಿ ಹಿಂಗಾಲು, ತೊಡೆ, ಪಕ್ಕೆ, ಕಿವಿ, ಬಾಲ ಹೀಗೆ ಎಲ್ಲೆಂದರಲ್ಲಿ. ಒಂದರ ಮೇಲೊಂದು ಹಲವು ಕುರಿಗೆ ಗಾಯ ಮಾಡಿ, ಏನೂ ತಿನ್ನದೆ ಹೋಗುತ್ತವೆ. ಕಚ್ಚಿಸಿಕೊಳ್ಳದೆಯೂ ಕುರಿ ಸಾಯಬಹುದು. ಹೆದರಿ ಒಂದು ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು ಉಸಿರುಕಟ್ಟುತ್ತವೆ.

ಮೂರು ಸತ್ತು ಐದಕ್ಕೆ ಗಾಯ ಅಂದಾಗ ನನಗೂ ನಾಯಿಗಳ ಕೆಲಸ ಅಂತಲೇ ಅನ್ನಿಸುತ್ತದೆ. ನಿಮ್ಮಿಂದ ಇದನ್ನು ಬಚ್ಚಿಡುವುದಿಲ್ಲ. ಯಾವ ನಾಯಿ, ಎಷ್ಟು ನಾಯಿ ಅನ್ನುವುದಷ್ಟೇ ಉಳಿದಿದೆ. ಗಾಯದ ಜೊಲ್ಲಿನಿಂದ ಡಿಎನ್‌ಎ ಪರೀಕ್ಷೆ ಮಾಡಿಸಬಹುದಿತ್ತು. ಅದಕ್ಕೆ ಗಾಯ ತೊಳೆಯುವ ಮೊದಲೇ ಮಾದರಿ ತೆಗೆಯಬೇಕು, ಆ ಹೊತ್ತು ಮೀರಿತು. ಈಗ ಉಳಿದಿರುವುದು ಪಶುವೈದ್ಯರು ಬರೆದ ವರದಿ, ಯಾರಾದರೂ ತೆಗೆದ ಫೋಟೋ, ಬದುಕಿರುವ ಕುರಿಗಳ ಮೈಮೇಲಿನ ಗಾಯ. ಹಲ್ಲಿನ ಗುರುತುಗಳ ನಡುವಿನ ಅಂತರ ಅಳೆದರೆ ನಾಯಿ ದೊಡ್ಡದಾ ಚಿಕ್ಕದಾ ಅಂತ ಅಂದಾಜು ಸಿಗುತ್ತದೆ. ಇಂಥದ್ದೇ ನಾಯಿ ಅಂತ ಬೊಟ್ಟು ಮಾಡಲು ಅಷ್ಟು ಸಾಲದು.

ನಿಮ್ಮ ಮನೆಯವರು ‘ಸಾಬೀತು ಮಾಡಲಿ’ ಅಂದರಲ್ಲ, ಅವರ ಸಿಟ್ಟು ಅರ್ಥವಾಗುತ್ತದೆ. ಎದುರಿಗೆ ನಿಂತು ನಿಮ್ಮ ನಾಯಿಯನ್ನು ಸಾಯಿಸಿ ಅಂದರೆ ಯಾರಿಗಾದರೂ ಮೈ ಉರಿಯುತ್ತದೆ. ಆದರೆ ಸತ್ಯ ಗೊತ್ತಿಲ್ಲದೆ ಅವರು ಆ ಮಾತಾಡಿದ್ದಾರೆ. ನಾಳೆ ಬೇರೆ ಯಾರದೋ ಬಾಯಿಂದ ಅದು ಹೊರಬಂದರೆ ಅವರು ಊರಿನವರ ಎದುರೂ ಸೋಲುತ್ತಾರೆ, ನಿಮ್ಮ ಎದುರೂ ಸೋಲುತ್ತಾರೆ. ಅದಕ್ಕೇ ಮೊದಲು ಅವರಿಗೆ ಹೇಳಿ ಅಂದದ್ದು. ‘ಭಯಕ್ಕೆ ತೊಳೆದುಬಿಟ್ಟೆ’ ಅಂದರೆ ಸಾಕು. ಅದು ನಿಜ ಕೂಡ.

ಅಣ್ಣನ ಮನೆಗೆ ನೀವಿಬ್ಬರೇ ಹೋಗಿ. ಫೋನಿನಲ್ಲಿ ಬೇಡ, ಜನ ಸೇರಿದ ಕಡೆ ಬೇಡ. ಮಾತು ಹೀಗಿರಲಿ: ‘ಅಣ್ಣಾ, ಅವತ್ತು ಬೆಳಿಗ್ಗೆ ನಮ್ಮ ನಾಯಿಯ ಬಾಯಲ್ಲಿ ರಕ್ತ ಇತ್ತು, ಉಣ್ಣೆ ಇತ್ತು. ನಾನೇ ತೊಳೆದೆ. ಆಗಲೇ ಹೇಳಬೇಕಿತ್ತು, ಹೆದರಿದೆ. ಈ ವರ್ಷ ಲಸಿಕೆ ಆಗಿಲ್ಲ, ಅದನ್ನು ಡಾಕ್ಟರಿಗೆ ತಿಳಿಸಬೇಕು. ಗಾಯದ ಕುರಿಗಳ ಖರ್ಚು ನಮ್ಮದು.’ ಇಷ್ಟು ಹೇಳಿ ನಿಲ್ಲಿಸಿ. ‘ಆದರೆ ಬೇರೆ ನಾಯಿಗಳೂ...’ ಅಂತ ಅದೇ ಉಸಿರಿನಲ್ಲಿ ಶುರುಮಾಡಬೇಡಿ. ಅವರು ಬೈಯಬಹುದು. ರಾತ್ರಿಯೆಲ್ಲ ಕುರಿ ಒದ್ದಾಡಿದ್ದನ್ನು ಹೇಳಿಕೊಂಡು ಅಳಬಹುದು. ಕೇಳಿಸಿಕೊಳ್ಳಿ. ಮರಿಯಿಂದ ಸಾಕಿದ ಪ್ರಾಣಿಯ ಕರುಳು ಹೊರಗೆ ಬಿದ್ದದ್ದನ್ನು ಕಂಡವರಿಗೆ ನಿಮ್ಮ ನಾಯಿಯ ಒಳ್ಳೆಯ ಗುಣ ಅವತ್ತೇ ಕಾಣಬೇಕಿಲ್ಲ.

ದುಡ್ಡಿನ ಲೆಕ್ಕವನ್ನು ಒಂದೇ ದಿನಕ್ಕೆ ಮುಗಿಸಲು ಹೋಗಬೇಡಿ. ಕುರಿಯ ಗಾಯ ಉಣ್ಣೆಯ ಅಡಿಯಲ್ಲಿ ಅಡಗಿರುತ್ತದೆ. ಮೇಲೆ ಎರಡು ತೂತು ಕಂಡರೆ ಕೆಳಗೆ ಮಾಂಸ ಜಜ್ಜಿಹೋಗಿರುತ್ತದೆ. ಉಣ್ಣೆ ಕತ್ತರಿಸಿ ನೋಡದಿದ್ದರೆ ಕೀವಾಗಿ ಹುಳ ಬೀಳುತ್ತದೆ. ನಾಲ್ಕು ದಿನ ಚೆನ್ನಾಗಿದ್ದದ್ದು ಐದನೇ ದಿನ ಮಲಗಿಬಿಡಬಹುದು. ಬೆದರಿ ಓಡಿದ ಗಬ್ಬದ ಕುರಿ ಆಮೇಲೆ ಕಂದು ಹಾಕಬಹುದು, ಮೈಮೇಲೆ ಒಂದು ಗೀರೂ ಇಲ್ಲದಿದ್ದರೂ. ಹಾಗಾಗಿ ಔಷಧಿಯ ಖರ್ಚನ್ನು ಈಗಲೇ ಕೊಡಿ. ಉಳಿದದ್ದನ್ನು ಒಂದೆರಡು ತಿಂಗಳು ಬಿಟ್ಟು ಕೂತು ಮಾತಾಡೋಣ ಅಂತ ಇಬ್ಬರಿಗೂ ಬೇಕಾದ ಒಬ್ಬರ ಎದುರು ಒಪ್ಪಿಕೊಳ್ಳಿ, ಬರೆದಿಡಿ. ಬೇರೆ ನಾಯಿಗಳೂ ಇದ್ದವು ಅಂತ ಗೊತ್ತಾದರೆ ಸತ್ತ ಕುರಿಗಳ ಬೆಲೆಯನ್ನು ಅವುಗಳ ಮಾಲೀಕರೂ ಹಂಚಿಕೊಳ್ಳಲಿ. ಆ ಮಾತು ಎತ್ತುವ ಸಮಯ ಅದು. ನಿಮ್ಮದು ಒಂದೇ ಅಂತ ಆದರೆ ಪೂರ್ತಿ ಕೊಡಿ, ಚೌಕಾಸಿ ಮಾಡಬೇಡಿ.

ನಾಯಿಯ ಬಗ್ಗೆ ಇನ್ನೊಂದು ಮಾತು. ಮಗನ ಪಕ್ಕ ಮಲಗುವ ನಾಯಿ ಹೀಗೆ ಮಾಡೀತೇ ಅಂತ ನಿಮಗೆ ಅನ್ನಿಸುತ್ತಿರಬಹುದು. ಮಾಡುತ್ತದೆ. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ, ಅದರಲ್ಲಿ ಕೋಪವೂ ಇಲ್ಲ ದ್ವೇಷವೂ ಇಲ್ಲ. ಆದ್ದರಿಂದ ಈಗ ಹೊಡೆದರೆ ಏನೂ ಪ್ರಯೋಜನವಿಲ್ಲ. ಆ ರಾತ್ರಿಗೂ ಈ ಏಟಿಗೂ ಅದು ಸಂಬಂಧ ಕಟ್ಟಲಾರದು. ಆದರೆ ಒಮ್ಮೆ ರುಚಿ ಹತ್ತಿದ ಆಟ ಮತ್ತೆ ಕರೆಯುತ್ತದೆ. ತರಬೇತಿ ಕೊಡಿಸಿದರೂ ಪೂರ್ತಿ ನಂಬಿ ಬಿಡುವ ಹಾಗಿಲ್ಲ. ಇನ್ನುಮೇಲೆ ರಾತ್ರಿ ಹೊತ್ತು ಅದು ಬಾಗಿಲು ಹಾಕಿದ ಕೋಣೆಯಲ್ಲೋ ಗಟ್ಟಿ ಬೇಲಿಯ ಒಳಗೋ ಇರಲಿ. ಹೊರಗೆ ಹೋಗುವಾಗ ಹಗ್ಗ ನಿಮ್ಮ ಕೈಯಲ್ಲಿರಲಿ, ಬಾಯಿಗೆ ಕುಕ್ಕೆ ಇರಲಿ. ಬೇಲಿಯ ಬುಡ ತೋಡಿ ನುಸುಳುತ್ತದಾ ಅಂತ ನೀವೇ ಬಗ್ಗಿ ನೋಡಿ. ಅಣ್ಣನ ದೊಡ್ಡಿಯ ಬೇಲಿ ಸಡಿಲವಿದ್ದರೆ ಅದನ್ನು ಬಿಗಿ ಮಾಡಿಸಲು ನೀವೂ ಕೈ ಹಚ್ಚಿ. ಇಷ್ಟು ಕಾವಲು ನಿಮ್ಮಿಂದ ಆಗದು ಅನ್ನಿಸಿದರೆ, ಹತ್ತಿರದಲ್ಲಿ ಕುರಿ, ಮೇಕೆ, ಕೋಳಿ ಇಲ್ಲದ ಕಡೆ ಸಾಕುವವರನ್ನು ಹುಡುಕಿ. ಕೊಡುವಾಗ ನಡೆದದ್ದನ್ನು ಮುಚ್ಚಿಡದೆ ಹೇಳಿ. ಮಗ ಅಳುತ್ತಾನೆ, ನನಗೆ ಗೊತ್ತು. ಅವನಿಗೂ ನಿಜವನ್ನೇ ಹೇಳಿ. ‘ಅದು ಕೆಟ್ಟ ನಾಯಿ ಅಲ್ಲ, ಅದನ್ನು ಕಾಯುವುದು ನಮ್ಮ ಕೆಲಸವಾಗಿತ್ತು’ ಅಂದರೆ ಮಕ್ಕಳಿಗೆ ತಿಳಿಯುತ್ತದೆ.

ಇಷ್ಟೆಲ್ಲ ಆದಮೇಲೂ ಅಣ್ಣ ಒಪ್ಪದೆ ದೂರು ಕೊಟ್ಟರೆ ಕೊಡಲಿ, ಅದು ಅವರ ಹಕ್ಕು. ಕಾನೂನು ಎಲ್ಲ ಕಡೆ ಒಂದೇ ಥರ ಇಲ್ಲ. ಕೇಸು ಬಂದರೆ ನಿಮ್ಮ ಕಡೆಯ ವಕೀಲರೊಬ್ಬರನ್ನು ಕೇಳಿಕೊಳ್ಳಿ. ಅವರ ಎದುರೂ ಅಧಿಕಾರಿಗಳ ಎದುರೂ ಅಣ್ಣನಿಗೆ ಹೇಳಿದ್ದನ್ನೇ ಹೇಳಿ. ಹಳೆಯ ಲಸಿಕೆಗಳ ಚೀಟಿ, ಪಶುವೈದ್ಯರು ನಾಯಿಯನ್ನು ನೋಡಿ ಬರೆದುಕೊಟ್ಟದ್ದು, ಅಣ್ಣನಿಗೆ ಕೊಟ್ಟ ದುಡ್ಡಿನ ರಸೀದಿ ಎಲ್ಲವನ್ನೂ ಒಂದು ಕಡೆ ಎತ್ತಿಡಿ. ಯಾರೋ ಸಿಟ್ಟಿನಲ್ಲಿ ವಿಷ ಹಾಕದಂತೆ ನಾಯಿಯನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ. ಈ ದಿನಗಳಲ್ಲಿ ಅದು ಕಾಯಿಲೆ ಬಿದ್ದರೆ, ಊಟ ಬಿಟ್ಟರೆ, ನಡೆ ಬದಲಾದರೆ ಹತ್ತಿರ ಹೋಗದೆ ಕೂಡಲೇ ಪಶುವೈದ್ಯರನ್ನು ಕರೆಸಿ.